ಕನ್ನಡದಲ್ಲಿ ಓದಿದರೆ ಅದು ವೇದಾಂತವಲ್ಲವೇ?

ಗೋಣಿಕೊಪ್ಪಲು ಕಡೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಪತಿ ತೀರಿಕೊಂಡು ಎರಡು ವರ್ಷವಾಯಿತು. ತೋಟದ ಲೆಕ್ಕ ಮುಗಿಸಿದ ಮೇಲೆ ರಾತ್ರಿ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಕನ್ನಡ ಪುಸ್ತಕಗಳನ್ನು ಓದುತ್ತಾರೆ. ಸಂಸ್ಕೃತ ಬಾರದೆ ಹೀಗೆ ಓದುವುದು ನೀರು ಬೆರೆಸಿದ ಹಾಲು ಕುಡಿದಂತೆ ಎಂದು ನೆಂಟರೊಬ್ಬರು ಅಂದರಂತೆ. “ನಾನು ಓದುತ್ತಿರುವುದು ವೇದಾಂತವೇ, ಇಲ್ಲ ಸಮಾಧಾನಕ್ಕೊಂದು ಕಥೆಯೇ? ಅಧ್ಯಾಸ ಎಂಬ ಪದ ದಾಟಲಾಗದೆ ಒಂದು ವಾರದಿಂದ ಅಲ್ಲೇ ನಿಂತಿದ್ದೇನೆ” ಎಂದು ಕೇಳಿದ್ದಾರೆ.

ಅಕ್ಕ, ಮೊದಲು ಹಾಲು-ನೀರಿನ ಮಾತು. ನೀವು ಓದುತ್ತಿರುವ ಸ್ವಾಮಿಗಳ ಮೊದಲಿನ ಹೆಸರು ಯಲ್ಲಂಬಳಸೆ ಸುಬ್ಬರಾಯರು; 1880ರಲ್ಲಿ ಹುಟ್ಟಿ, ಶಾಲೆಯಲ್ಲಿ ಮೇಷ್ಟರಾಗಿದ್ದವರು. 1920ರಲ್ಲಿ ವೇದಾಂತ ಗ್ರಂಥಗಳನ್ನು ಪ್ರಕಟಿಸುವ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಆರಂಭಿಸಿದರು. 1929ರಲ್ಲಿ ‘ಮೂಲಾವಿದ್ಯಾನಿರಾಸ’ ಬರೆದರು, ಅದೂ ಸಂಸ್ಕೃತದಲ್ಲಿ. ನಂತರದ ವ್ಯಾಖ್ಯಾನಕಾರರು ಹೇಳಿಕೊಂಡು ಬಂದ ಮೂಲಾವಿದ್ಯೆ, ಅಂದರೆ ಜಗತ್ತಿಗೇ ಮೂಲವಾದ ಒಂದು ಅವಿದ್ಯೆ ಇದೆಯೆಂಬ ಮಾತು, ಶಂಕರರ ಮತವೇ ಅಲ್ಲ ಎಂದು ಪಂಡಿತರ ಎದುರು ವಾದಕ್ಕೆ ನಿಂತ ಗ್ರಂಥ ಅದು. 1948ರಲ್ಲಿ ಸನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರರಾದರು. 1975ರಲ್ಲಿ ದೇಹ ಬಿಡುವ ಹೊತ್ತಿಗೆ ಅವರ ಗ್ರಂಥಗಳು ಇನ್ನೂರು ದಾಟಿದ್ದವು. ಇಷ್ಟು ಸಂಸ್ಕೃತ ಬಲ್ಲವರು ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದದ್ದು ನಿಮ್ಮಂಥವರು ಬಾಗಿಲಲ್ಲೇ ನಿಂತು ಹಿಂತಿರುಗಬಾರದೆಂದು. ಅದನ್ನು ನೀರು ಬೆರೆಸುವುದು ಎಂದರೆ ನನಗೆ ನೋವಾಗುತ್ತದೆ. 1951ರಲ್ಲಿ ವೇದಾಂತ ಪ್ರವಚನಕಾರ ಸ್ವಾಮಿ ಚಿನ್ಮಯಾನಂದರು ಪುಣೆಯಲ್ಲಿ ಉಪನಿಷತ್ತನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟಾಗಲೂ ಇಂಥದೇ ಆಕ್ಷೇಪ ಎದ್ದಿತ್ತು.

ಇನ್ನು ಅಧ್ಯಾಸ. ಶಂಕರರು ಕೊಟ್ಟ ಅರ್ಥ ‘ಅತಸ್ಮಿನ್ ತದ್ಬುದ್ಧಿಃ’; ಅದಲ್ಲದ್ದರಲ್ಲಿ ಅದೆಂಬ ಬುದ್ಧಿ. ಹಗ್ಗ-ಹಾವಿನ ದೃಷ್ಟಾಂತವನ್ನು ನೀವು ಓದಿಯೇ ಇರುತ್ತೀರಿ. ನಾನು ಕಂಡದ್ದನ್ನು ಹೇಳುತ್ತೇನೆ. ಒಮ್ಮೆ ಮಾರ್ಚಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟು, ನಮ್ಮ ತೋಟದಲ್ಲಿ ರೊಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಿದ್ದೆವು. ಮುಸ್ಸಂಜೆ, ಸಿಲ್ವರ್ ಓಕ್ ಮರಗಳ ಕೆಳಗೆ ಆಗಲೇ ಕತ್ತಲು. ಮುಂದೆ ನಡೆಯುತ್ತಿದ್ದ ಆಳು ಕೂಗಿಕೊಂಡು ಬುತ್ತಿಯ ಕ್ಯಾರಿಯರ್ ಕೈಬಿಟ್ಟು ಓಡಿದ. ತರಗೆಲೆಯ ನಡುವೆ ತೋಳಿನಷ್ಟು ದಪ್ಪದ ಕರಿಯ ಸುರುಳಿ. ನಾನೂ ಕಂಡೆ; ಅದು ಹೊರಳಿದ್ದನ್ನೂ ಕಂಡೆ ಎಂದು ಆ ಕ್ಷಣ ಆಣೆಯಿಟ್ಟು ಹೇಳುತ್ತಿದ್ದೆ. ಟಾರ್ಚ್ ಬಿಟ್ಟರೆ ನೀರಿನ ಪೈಪು. ಟಾರ್ಚಿನ ಬೆಳಕು ಹಾವನ್ನು ಕೊಲ್ಲಲಿಲ್ಲ, ಓಡಿಸಲೂ ಇಲ್ಲ. ಹಾವು ಯಾವತ್ತೂ ಇರಲೇ ಇಲ್ಲವೆಂದು ತೋರಿಸಿತು, ಅಷ್ಟೆ. ಆದರೂ ನನ್ನ ಎದೆ ಮನೆ ಮುಟ್ಟುವವರೆಗೂ ಹೊಡೆದುಕೊಳ್ಳುತ್ತಿತ್ತು. ಪುಸ್ತಕ ಓದಿ ‘ತಿಳಿಯಿತು’ ಎಂದ ಮೇಲೂ ಮನಸ್ಸೇಕೆ ನಡುಗುತ್ತದೆ ಎಂದು ನೀವು ಎರಡನೆಯ ಪುಟದಲ್ಲಿ ಕೇಳಿದ್ದೀರಲ್ಲ, ನನಗೆ ಆ ಸಂಜೆಯೇ ನೆನಪಾಯಿತು.

ಸ್ವಾಮಿಗಳು ಮತ್ತೆ ಮತ್ತೆ ಕೈಹಿಡಿದು ಕರೆದೊಯ್ಯುವುದು ಎಚ್ಚರ, ಕನಸು, ತನಿನಿದ್ರೆ ಎಂಬ ಮೂರು ಅವಸ್ಥೆಗಳ ಬಳಿಗೆ. ಇದು ಪಂಡಿತರ ಸೊತ್ತಲ್ಲ. ನಿಮಗೂ ಉಂಟು, ತೋಟದ ಕೆಲಸದವರಿಗೂ ಉಂಟು. ಬೆಳಿಗ್ಗೆ ಕಣ್ಣು ಬಿಟ್ಟ ಮರುಕ್ಷಣ ನಿಮ್ಮ ಪತಿ ಇಲ್ಲವೆಂಬುದು ಎದೆಯ ಮೇಲೆ ಬಂದು ಕೂರುತ್ತದೆ ಎಂದಿದ್ದೀರಿ. ಅದಕ್ಕೂ ಮೊದಲು, ಕನಸೂ ಇಲ್ಲದ ನಿದ್ರೆಯಲ್ಲಿ, ತೋಟವಿರಲಿಲ್ಲ, ವೈಧವ್ಯವಿರಲಿಲ್ಲ. ನೀವು ಮಾತ್ರ ಇಲ್ಲವಾಗಿರಲಿಲ್ಲ. ಎದ್ದವರು ‘ಏನೂ ತಿಳಿಯದಂತೆ ಸುಖವಾಗಿ ಮಲಗಿದ್ದೆ’ ಎನ್ನುತ್ತೀರಿ. ಹಾಗೆ ಇದ್ದವರು ಯಾರು? ಸ್ವಾಮಿಗಳು ಕೇಳುವುದು ಈ ಪ್ರಶ್ನೆಯನ್ನೇ. ಇದರಿಂದ ನಾಳೆಯೇ ದುಃಖ ಇಳಿಯುತ್ತದೆಂದು ನಾನು ಹೇಳಲಾರೆ. ಆದರೆ ಇದು ಸಮಾಧಾನದ ಕಥೆಯಲ್ಲ. ಕಥೆಯನ್ನು ನಂಬಬೇಕಾಗುತ್ತದೆ, ಇದನ್ನು ನಿಮ್ಮ ಅನುಭವದಲ್ಲೇ ಒರೆಗೆ ಹಚ್ಚಬಹುದು.

ನಿಮ್ಮ ನೆಂಟರ ಮಾತಿನಲ್ಲೂ ಸತ್ಯವಿದೆ. ವಿವೇಕ, ವೈರಾಗ್ಯ, ಶಮದಮಾದಿಗಳು (ಮನಸ್ಸು-ಇಂದ್ರಿಯಗಳ ಹಿಡಿತ ಮೊದಲಾದವು), ಮುಮುಕ್ಷುತ್ವ (ಬಿಡುಗಡೆಯ ಹಂಬಲ) ಎಂಬ ಸಾಧನ ಚತುಷ್ಟಯವನ್ನು, ಅಂದರೆ ವೇದಾಂತ ಕಲಿಯುವವರಿಗೆ ಬೇಕಾದ ನಾಲ್ಕು ಅರ್ಹತೆಗಳನ್ನು, ಪಕ್ಕಕ್ಕೆ ತಳ್ಳಿ, ಕಚೇರಿಯ ಒತ್ತಡ ಕಳೆಯುವ ಮಾತ್ರೆಯಂತೆ ವೇದಾಂತವನ್ನು ಹಂಚುವವರು ಈಗ ಬಹಳ. ನೀರು ಬೆರೆಯುವುದು ಅಲ್ಲಿ. ಹೊಳೆನರಸೀಪುರದ ಪುಸ್ತಕಗಳಲ್ಲಿ ಆ ರಿಯಾಯಿತಿ ಇಲ್ಲ. ಮಾತು ತಿಳಿಯಾಗಿದೆ, ಷರತ್ತು ಸಡಿಲವಾಗಿಲ್ಲ.

ಕೇಳಿ ತಿಳಿಯುವ ಹಂಬಲವಿದ್ದರೆ ಪೊನ್ನಂಪೇಟೆಯ ರಾಮಕೃಷ್ಣ ಶಾರದಾಶ್ರಮ ನಿಮಗೆ ಹತ್ತಿರವೇ ಇದೆ. ಹೋಗುವಾಗ ಪುಸ್ತಕವನ್ನೂ ಕೊಂಡುಹೋಗಿ. ತೊಡಕಾದ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಕರ್ಮ ಮಾಡುತ್ತಲೇ ಜ್ಞಾನಕ್ಕೆ ಹೊರಳುವುದು ಹೇಗೆ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲಿ ಜಾಗ ಸಾಲದು. ಅದನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.