ಹಿತ್ತಲ ಬಾಗಿಲು: ಚೈತ್ರದ ಊಟ, ತೋಟ ಮತ್ತು ನಿಮ್ಮ ಪ್ರಶ್ನೆಗಳು

(ಶಿರಸಿ, ಸಿದ್ದಾಪುರದ ನಡುವೆ ಅಡಿಕೆ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ನಮ್ಮ ಅಂಕಣಗಾರ್ತಿ ಓದುಗರಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಮಲೆನಾಡು ಅಂದರೆ ಮಳೆಗಾಲದಲ್ಲೇ ನೋಡಬೇಕು ಅಂತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಬಂದರೆ ಸೆಕೆ ಬಿಟ್ಟು ಇನ್ನೇನಿದೆ?
– ಓದುಗರು, ಮೈಸೂರು

ಸೆಕೆ ಇದೆ, ಸುಳ್ಳು ಹೇಳುವುದಿಲ್ಲ. ಜಲಪಾತವೇ ಬೇಕು ಅಂದರೆ ಈಗ ಬರಬೇಡಿ, ಜೋಗದಲ್ಲೂ ಬಂಡೆಯೇ ಜಾಸ್ತಿ ಕಾಣುತ್ತದೆ. ಆದರೆ ಊಟಕ್ಕಾಗಿ ಬರುವವರಿಗೆ ನನ್ನ ಓಟು ಫಾಲ್ಗುಣ, ಚೈತ್ರಕ್ಕೇ. ಆಷಾಢದಲ್ಲಿ ನಾವು ತಿನ್ನುವುದರಲ್ಲಿ ಅರ್ಧ ಈಗ ಒಣಗಿಸಿದ್ದು, ಉಪ್ಪಿಗೆ ಹಾಕಿದ್ದು. ಅದನ್ನು ಹಸಿಯಾಗಿ ತಿನ್ನುವ ಕಾಲ ಇದು.

ಹೊರಡುವ ಮುಂಚೆ ಒಂದು ವಿಚಾರಿಸಿಕೊಳ್ಳಿ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುತ್ತದೆ. ಆ ವಾರ ಸುತ್ತಮುತ್ತ ರೂಮು ಸಿಗುವುದು ಕಷ್ಟ. ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬಂದರೆ ಪೇಟೆಯಲ್ಲಿ ರಾತ್ರಿ ಬೇಡರ ವೇಷದ ಕುಣಿತ ನೋಡಬಹುದು. ನಿದ್ದೆಯ ಆಸೆ ಬಿಟ್ಟು ಬನ್ನಿ.

ಪ್ರಶ್ನೆ: ನಾವೂ ತೋಟದ ಮನೆಯಲ್ಲಿ ಹೋಂಸ್ಟೇ ಶುರು ಮಾಡಿದ್ದೇವೆ. ಪೇಟೆಯಿಂದ ಬಂದವರು ಪನೀರ್, ಗೋಬಿ ಮಂಚೂರಿ ಕೇಳುತ್ತಾರೆ. ನಮ್ಮ ಅಡುಗೆ ಅವರಿಗೆ ಸಪ್ಪೆ ಅನ್ನಿಸುತ್ತೇನೋ ಅಂತ ಅಳುಕು. ಈ ಕಾಲದಲ್ಲಿ ಏನು ಬಡಿಸಬಹುದು? ಅಂಗಳಕ್ಕೆ ಲಾನ್ ಹಾಕಿಸೋಣ ಅಂತಲೂ ಇದೆ.
– ಗೃಹಿಣಿ, ಸಾಗರ ತಾಲೂಕು

ಪನೀರ್ ಅವರ ಬೀದಿಯ ಕೊನೆಯಲ್ಲೇ ಸಿಗುತ್ತದೆ, ಅಲ್ವಾ? ಅದಕ್ಕಾಗಿ ಅವರು ಅಷ್ಟು ದೂರ ಕಾರು ಓಡಿಸಿಕೊಂಡು ಬರಬೇಕಾಗಿಲ್ಲ. ಬುಕಿಂಗ್‌ಗೆ ಫೋನ್ ಬಂದಾಗಲೇ ಹೇಳಿಬಿಡಿ: ನಮ್ಮಲ್ಲಿ ಮೆನು ಇಲ್ಲ, ಬೆಳಿಗ್ಗೆ ಹಿತ್ತಲಲ್ಲಿ ಸಿಕ್ಕಿದ್ದೇ ಮಧ್ಯಾಹ್ನದ ಊಟ. ಆಗದವರು ಬೇರೆ ಕಡೆ ನೋಡಿಕೊಳ್ಳುತ್ತಾರೆ. ಬಂದವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ.

ಈಗ ಎಲ್ಲ ಗಿಡವೂ ಕುಡಿ ಬಿಟ್ಟಿರುತ್ತದೆ. ನೇರಳೆ, ಪೇರಲೆ, ದಾಳಿಂಬೆ, ಇವುಗಳಲ್ಲಿ ಯಾವುದಾದರೂ ಸರಿ. ಕೆಂಪಗೆ, ಮೆತ್ತಗೆ ಇರುವ ತುದಿ ಎಲೆಗಳನ್ನು ಮಾತ್ರ ಒಂದು ಮುಷ್ಟಿ ಚಿವುಟಿ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕದಡಿ. ಮತ್ತೆ ಒಲೆ ಮೇಲೆ ಇಡಬೇಡಿ, ಒಡೆದುಹೋಗುತ್ತದೆ. ತಂಬುಳಿ ಆಯಿತು. ಬಂದವರನ್ನೇ ಕುಡಿ ಕೊಯ್ಯಲು ಕಳಿಸಿ. ತಾವೇ ಕೊಯ್ದಿದ್ದನ್ನು ಯಾರೂ ಸಪ್ಪೆ ಅನ್ನುವುದಿಲ್ಲ.

ಇನ್ನು ಎಳೆ ಹಲಸು. ಒಳಗೆ ಬೀಜ ಗಟ್ಟಿಯಾಗುವ ಮುಂಚೆ ಕೊಯ್ಯಬೇಕು. ಮೆಟ್ಟುಗತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಕೂತರೆ ಸಂಜೆವರೆಗೂ ಮೇಣ ಬಿಡಿಸಿಕೊಳ್ಳುತ್ತಾ ಇರಬೇಕಾಗುತ್ತದೆ. ಹೋಳು ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ. ಉಪ್ಪು, ಅರಿಶಿನ ಹಾಕಿ ಬೇಯಿಸಿ, ಜಜ್ಜಿ, ಕಾಯಿ, ಸಾಸಿವೆ ರುಬ್ಬಿ ಸೇರಿಸಿ ಪಲ್ಯ ಮಾಡಿ. ಇದು ಏನು ಅಂತ ಕೇಳಿದರೆ ತಿಂದ ಮೇಲೆ ಹೇಳಿ.

ಅಪ್ಪೆಹುಳಿಯನ್ನು ಮಾತ್ರ ಲೋಟದಲ್ಲಿ ಕೊಡಿ. ಮಾವಿನಮಿಡಿ ಬೇಯಿಸಿ, ಕಿವುಚಿ, ನೀರು ಜಾಸ್ತಿ ಹಾಕಿ, ಉಪ್ಪು, ಹಸಿಮೆಣಸು, ಚೂರು ಬೆಲ್ಲ. ಇಂಗಿನ ಒಗ್ಗರಣೆ ಧಾರಾಳವಾಗಿರಲಿ. ಕುಡಿದವರು ಜಗಲಿಯ ಮೇಲೆ ಹಾಗೇ ಒರಗುತ್ತಾರೆ. ಮಧ್ಯಾಹ್ನ ಎಲ್ಲಿಗೆ ಕರೆದುಕೊಂಡು ಹೋಗಲಿ ಅನ್ನುವ ತಲೆಬಿಸಿಯೂ ನಿಮಗಿಲ್ಲ. ಬೆಳಗಿನ ತಿಂಡಿಗೆ ತೆಳ್ಳೇವು (ತೆಳು ದೋಸೆ), ತುಪ್ಪ, ಜೋನಿಬೆಲ್ಲ (ನೀರು ಬೆಲ್ಲ) ಸಾಕು. ಆಲೆಮನೆ ಈಗಷ್ಟೇ ಮುಗಿದಿರುತ್ತದೆ, ಹೊಸ ಬೆಲ್ಲ ಮನೆಯಲ್ಲೇ ಇರುತ್ತದೆ.

ಲಾನ್ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವಾಗ ತಿನ್ನಲಾಗದ ಹುಲ್ಲಿಗೆ ನೀರು ಹೊಯ್ಯುವುದು ಯಾವ ಚೆಂದ? ಅದೇ ನೀರಲ್ಲಿ ಬಚ್ಚಲ ಹಿಂದೆ ಬಸಳೆ ಚಪ್ಪರ ಹಬ್ಬಿಸಿ. ಭತ್ತ ಕೊಯ್ದ ಗದ್ದೆಯಲ್ಲಿ ಹರಿವೆ, ಬೆಂಡೆ, ಮೊಗೆಕಾಯಿ (ಸಾಂಬಾರು ಸೌತೆ) ಹಾಕಿ. ಮೊಗೆಕಾಯಿಯನ್ನು ಬಾಳೆನಾರಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ಮಳೆಗಾಲದ ಸಾಂಬಾರಿಗೂ ಆಯಿತು. ಜನ ಹೆಚ್ಚು ಫೋಟೋ ತೆಗೆಯುವುದೂ ಅದನ್ನೇ, ನೋಡುತ್ತಾ ಇರಿ.

ಪ್ರಶ್ನೆ: ಹೋದ ವರ್ಷ ನಿಮ್ಮ ಕಡೆಯ ಸಂತೆಯಿಂದ ಅಪ್ಪೆಮಿಡಿ (ಪರಿಮಳದ ಮಾವಿನಮಿಡಿ) ತಂದು ಉಪ್ಪಿನಕಾಯಿ ಹಾಕಿದೆ. ಮೂರು ತಿಂಗಳಲ್ಲಿ ಮೆತ್ತಗಾಯಿತು. ಯಾಕೆ?
– ಓದುಗರು, ಹುಬ್ಬಳ್ಳಿ

ಮಿಡಿ ನೆಲಕ್ಕೆ ಬಿದ್ದಿದ್ದಿರಬೇಕು. ಮರ ಅಲುಗಿಸಿ ಉದುರಿಸಿದ ಮಿಡಿಗೆ ಹೊರಗೆ ಪೆಟ್ಟು ಕಾಣುವುದಿಲ್ಲ, ಒಳಗೆ ಆಗಿರುತ್ತದೆ. ಅದೊಂದು ಮೆತ್ತಗಾದರೆ ಭರಣಿಯೆಲ್ಲ ಹಾಳು. ಹಾಗಾಗಿ ಗೊಂಚಲು ಗೊಂಚಲಾಗಿ ಕೊಯ್ದು ಇಳಿಸಿದ್ದನ್ನೇ ಕೇಳಿ ತೆಗೆದುಕೊಳ್ಳಿ. ಬೆಲೆ ಜಾಸ್ತಿ ಹೇಳುತ್ತಾರೆ, ಕೊಡಿ. ಮರ ಹತ್ತುವವರು ಈಗ ಸಿಗುವುದೇ ಕಷ್ಟ.

ಮಿಡಿಗೆ ಚೂರು ತೊಟ್ಟು ಉಳಿಸಿ. ಪೂರ್ತಿ ಕಿತ್ತರೆ ಸೊನೆ ಸೋರುತ್ತದೆ, ಪರಿಮಳ ಇರುವುದೇ ಆ ಸೊನೆಯಲ್ಲಿ. ತೊಳೆದ ಮೇಲೆ ಬಟ್ಟೆ ಮೇಲೆ ಹರಡಿ ನೀರಪಸೆ ಪೂರ್ತಿ ಆರಿಸಿ. ಹರಳುಪ್ಪು, ಮಿಡಿ, ಮತ್ತೆ ಹರಳುಪ್ಪು ಹೀಗೆ ಪದರ ಹಾಕಿ, ಮೇಲೆ ಭಾರ ಇಡಿ. ಮಿಡಿ ಸುಕ್ಕುಗಟ್ಟುವವರೆಗೆ ಖಾರ ಬೆರೆಸುವ ಅವಸರ ಬೇಡ. ಖಾರ ರುಬ್ಬಲು ಅದೇ ಉಪ್ಪುನೀರನ್ನು ಕುದಿಸಿ, ತಣಿಸಿ ಬಳಸಿ. ಬಿಸಿ ಇರುವಾಗ ಹಾಕಿದರೂ ಮಿಡಿ ಮೆತ್ತಗಾಗುತ್ತದೆ.

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ನಿಮ್ಮ ಕಡೆ ಕರೆತರುತ್ತಿದ್ದೇವೆ. ಕಾಡಿನಲ್ಲಿ ಸುತ್ತಾಡಿಸಬಹುದಾ?
– ಓದುಗರು, ಬೆಂಗಳೂರು

ತೋಟದಲ್ಲಿ ಸುತ್ತಾಡಿಸಿ, ಕಾಡು ಈ ಸಲ ಬೇಡ. ಹೋಂಸ್ಟೇಯವರು ಈ ಮಾತನ್ನು ಮೆಲ್ಲಗೆ ಹೇಳುತ್ತಾರೆ, ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಮಂಗನ ಕಾಯಿಲೆ ಹರಡುವುದು ಇದೇ ಬೇಸಿಗೆಯಲ್ಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಮೊದಲು ಪತ್ತೆಯಾಯಿತು. ಸಿದ್ದಾಪುರದ ಕಡೆಯೂ ಜನ ಇದರಿಂದ ನರಳಿದ್ದಾರೆ. ತರಗೆಲೆಯಲ್ಲಿರುವ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿದರೆ ಬರುವ ಜ್ವರ ಇದು. ಉಣುಗು ಎಷ್ಟು ಸಣ್ಣದೆಂದರೆ ಮೈಮೇಲೆ ಹತ್ತಿದ್ದೇ ಗೊತ್ತಾಗುವುದಿಲ್ಲ.

ದೊಡ್ಡವರು ಹೋಗಲೇಬೇಕು ಅಂದರೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಉಣುಗು ಹತ್ತದಂತೆ ಸವರಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ. ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ. ಬಟ್ಟೆ ನೇರ ಒಗೆಯಲು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ತಿಳಿಸಿ. ಊರಿಗೆ ಮರಳಿದ ಹತ್ತು ದಿನದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಮಕ್ಕಳಿಗೆ ಬೇಜಾರಾಗುವುದಿಲ್ಲ, ನಮ್ಮಲ್ಲಿ ಕರು ಇದೆ, ಗೇರುಹಣ್ಣು ಇದೆ. ಗೇರಿನ ರಸದ ಕಲೆ ಹೋಗುವುದಿಲ್ಲ, ಹಳೇ ಬಟ್ಟೆ ತನ್ನಿ.

ಪ್ರಶ್ನೆ: ನಿಮ್ಮಲ್ಲಿಂದ ಒಯ್ದ ಒಂದೆಲಗ ಬಾಲ್ಕನಿಯಲ್ಲಿ ವಾರಕ್ಕೇ ಬಾಡಿತು.
– ಓದುಗರು, ಬೆಂಗಳೂರು

ಮಧ್ಯಾಹ್ನದ ಬಿಸಿಲಿಗೆ ಇಟ್ಟಿರುತ್ತೀರಿ. ಅದು ಕಾಲುವೆ ಬದಿಯ ಗಿಡ. ಆಳದ ಕುಂಡ ಬೇಡ, ಅಗಲದ ತೊಟ್ಟಿ ಸಾಕು. ಬೆಳಗಿನ ಬಿಸಿಲು ಮಾತ್ರ ಬೀಳಲಿ, ಮಣ್ಣು ಒಣಗಲು ಬಿಡಬೇಡಿ. ಬಳ್ಳಿಯ ಗೆಣ್ಣು ಮಣ್ಣು ಮುಟ್ಟಿದಲ್ಲೆಲ್ಲ ಬೇರು ಬಿಡುತ್ತದೆ. ಮುಂದಿನ ಸಲ ಬಂದಾಗ ಮತ್ತೊಂದು ಬುಡ ಕೊಡುತ್ತೇನೆ, ಪ್ಲಾಸ್ಟಿಕ್ ಚೀಲದ ಬದಲು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ.