ವೃದ್ಧಾಶ್ರಮದ ಹಿರಿಯರ ಕಣ್ಣು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಆಶ್ರಮದಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಕ್ಯಾಂಪ್ ಆಗುತ್ತದೆ. ಉಳಿದ ದಿನಗಳಲ್ಲಿ ಯಾರಿಗೆ ಎಷ್ಟು ಕಾಣುತ್ತದೆಂದು ನಮಗೆ ತಿಳಿಯುವುದಿಲ್ಲ. ಕೇಳಿದರೆ ಎಲ್ಲರೂ ‘ಕಾಣ್ತೈತ್ರಿ’ ಅನ್ನುತ್ತಾರೆ. ನಾವೇ ಪರೀಕ್ಷಿಸಬಹುದೇ?
– ಮೇಲ್ವಿಚಾರಕಿ, ಗದಗ

ಉತ್ತರ: ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಒಂದು ಕಣ್ಣು ಪೂರ್ತಿ ಹೋಗಿದ್ದರೂ ಇನ್ನೊಂದರಲ್ಲಿ ದಿನ ಸಾಗುತ್ತದೆ. ಹಾಗಾಗಿ ‘ಕಾಣ್ತೈತ್ರಿ’ ಅನ್ನುವವರು ಸುಳ್ಳು ಹೇಳುತ್ತಿಲ್ಲ, ಅವರಿಗೇ ಅದು ಗೊತ್ತಿರುವುದಿಲ್ಲ.

ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದ ಚಾರ್ಟ್ ತನ್ನಿ. ಓದು ಬಾರದವರೂ ಅಕ್ಷರದ ಬಾಯಿ ಎತ್ತ ಇದೆಯೆಂದು ಕೈಯಲ್ಲಿ ತೋರಿಸಬಲ್ಲರು. ಚಾರ್ಟಿನಿಂದ ಕುರ್ಚಿಗೆ 6 ಮೀಟರ್ ದೂರವಿರಲಿ. ಬೆಳಕು ಚಾರ್ಟಿನ ಮೇಲೆ ಬೀಳಬೇಕು. ಕಿಟಕಿ ಚಾರ್ಟಿನ ಹಿಂದಿದ್ದರೆ ಕಣ್ಣು ಕುಕ್ಕಿ ಪರೀಕ್ಷೆ ತಪ್ಪುತ್ತದೆ. ದೂರದ ಚಸ್ಮಾ ಇದ್ದವರು ಅದನ್ನು ಹಾಕಿಕೊಂಡೇ ಕೂರಲಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಬೆರಳಿಂದ ಮುಚ್ಚಿದರೆ ಸಂದಿಯಲ್ಲಿ ನೋಡಿಬಿಡುತ್ತಾರೆ, ಒತ್ತಿ ಮುಚ್ಚಿದರೆ ಆಮೇಲೆ ಆ ಕಣ್ಣೇ ಮಂಜಾಗುತ್ತದೆ.

ಚಾರ್ಟಿನ 6/18 ಸಾಲು (ಒಳ್ಳೆಯ ಕಣ್ಣಿಗೆ 18 ಮೀಟರಿನಿಂದಲೇ ಕಾಣುವಷ್ಟು ದೊಡ್ಡ ಅಕ್ಷರದ್ದು) ಕಾಣದಿದ್ದರೆ, ಕರಿ ರಟ್ಟಿಗೆ ದಪ್ಪ ಸೂಜಿಯಿಂದ ಸುಮಾರು 1 ಮಿ.ಮೀ. ತೂತು ಮಾಡಿ ಅದರೊಳಗಿಂದ ನೋಡಿಸಿ. ತೂತಿನಲ್ಲಿ ಕಂಡರೆ ಬಹುತೇಕ ಚಸ್ಮಾದ ನಂಬರಿನ ದೋಷ. ತೂತಿನಲ್ಲೂ ಕಾಣದಿದ್ದರೆ ಪೊರೆಯೋ, ಅಕ್ಷಿಪಟಲದ (ಕಣ್ಣಿನ ಹಿಂಬದಿಯ ಪರದೆ) ತೊಂದರೆಯೋ ಇರಬಹುದು, ವೈದ್ಯರಿಗೆ ತೋರಿಸಿ. ಬಲ, ಎಡ, ಚಸ್ಮಾ ಸಹಿತ, ತೂತಿನಲ್ಲಿ ಎಂದು ನಾಲ್ಕು ಕಾಲಂ ಹಾಕಿ ತಾರೀಖು ಸಹಿತ ಬರೆದಿಡಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿ ಹಳೆಯದಕ್ಕೆ ಹೋಲಿಸಿ.

ಸಕ್ಕರೆ ಕಾಯಿಲೆ ಇರುವವರು ಚಾರ್ಟನ್ನು ಪೂರ್ತಿ ಓದಿದರೂ ಬಿಡಬೇಡಿ. ಅಕ್ಷಿಪಟಲ ಕೆಡಲು ಶುರುವಾದಾಗ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಅವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ಪರೀಕ್ಷೆ ಆಗಲೇಬೇಕು.

ಮರೆವಿನ ಕಾಯಿಲೆಯವರಿಗೆ ಚಾರ್ಟ್ ಹಿಡಿಸುವುದಿಲ್ಲ. ಅವರು ಊಟ ಮಾಡುವುದನ್ನು ಗಮನಿಸಿ. ಬಿಳಿ ತಟ್ಟೆಯ ಅನ್ನ ಹಾಗೇ ಉಳಿದು ಪಲ್ಯ ಮಾತ್ರ ಖಾಲಿಯಾಗುತ್ತಿದೆಯೇ? ಲೋಟಕ್ಕೆ ಕೈ ಚಾಚಿದಾಗ ಗುರಿ ತಪ್ಪುತ್ತದೆಯೇ? ಸಂಜೆಯಾದರೆ ಕೋಣೆ ಬಿಟ್ಟು ಹೊರಬರುವುದಿಲ್ಲವೇ? ಇವನ್ನೆಲ್ಲ ಮರೆವಿನ ಲೆಕ್ಕಕ್ಕೆ ಬರೆದು ಕೈಬಿಡುವುದು ದೊಡ್ಡ ಅನ್ಯಾಯ. ಅನ್ನವನ್ನು ಬಣ್ಣದ ತಟ್ಟೆಯಲ್ಲಿ ಬಡಿಸಿ, ಮೆಟ್ಟಿಲ ಅಂಚಿಗೆ ಹಳದಿ ಟೇಪ್ ಅಂಟಿಸಿ, ಬಚ್ಚಲಿನ ದಾರಿಯಲ್ಲಿ ರಾತ್ರಿ ದೀಪ ಉರಿಯಲಿ. 60 ದಾಟಿದವರ ಅಕ್ಷಿಪಟಲಕ್ಕೆ 20ರ ಹರೆಯದವರಿಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ ತಲುಪುತ್ತದೆ.

ಪ್ರಶ್ನೆ: ತಾಯಿಗೆ ಗ್ಲುಕೋಮಾ (ಕಣ್ಣಿನ ಒತ್ತಡದಿಂದ ನರ ಕೆಡುವ ಕಾಯಿಲೆ), ಎರಡು ಬಗೆಯ ಡ್ರಾಪ್ಸ್ ಇವೆ. ಆಶ್ರಮದಲ್ಲಿ ಹಾಕುತ್ತಾರೆ, ಆದರೆ ಒಂದು ಬಾಟಲಿ ಹತ್ತೇ ದಿನಕ್ಕೆ ಮುಗಿಯುತ್ತದೆ. ಒತ್ತಡವೂ ಇಳಿದಿಲ್ಲ.
– ಓದುಗರು, ಹಾವೇರಿ

ಉತ್ತರ: ಆ ಬಾಟಲಿಯೇ ಸಾಕ್ಷಿ. 2.5 ಮಿ.ಲೀ. ಬಾಟಲಿಯಲ್ಲಿ ಸುಮಾರು 80 ಹನಿ ಇರುತ್ತವೆ. ರಾತ್ರಿ ಎರಡೂ ಕಣ್ಣಿಗೆ ಒಂದೊಂದು ಹನಿಯಾದರೆ ತಿಂಗಳಿಗೆ 60 ಹನಿ ಸಾಕು. ಹತ್ತು ದಿನಕ್ಕೆ ಮುಗಿಯಿತೆಂದರೆ ಔಷಧ ಕೆನ್ನೆಯ ಮೇಲೆ ಹರಿಯುತ್ತಿದೆ. ಎರಡು ತಿಂಗಳು ಬಂದರೆ ಹಾಕುವುದನ್ನೇ ಮರೆಯುತ್ತಿದ್ದಾರೆ ಎಂದರ್ಥ.

ಕಣ್ಣಿನಲ್ಲಿ ಒಂದು ಹನಿಗಿಂತ ಹೆಚ್ಚಿಗೆ ನಿಲ್ಲಲು ಜಾಗವಿಲ್ಲ. ಕೈ ತೊಳೆದು, ತಾಯಿಯವರನ್ನು ಅಂಗಾತ ಮಲಗಿಸಿ ಅಥವಾ ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಒಂದು ಚೀಲದಂಥ ಜಾಗವಾಗುತ್ತದೆ. ಹನಿ ಅಲ್ಲಿ ಬೀಳಬೇಕು, ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಇದನ್ನು ಬಹುತೇಕ ಎಲ್ಲೂ ಮಾಡುವುದಿಲ್ಲ. ಒತ್ತದಿದ್ದರೆ ಔಷಧ ಕಣ್ಣೀರಿನ ನಾಳದಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ಗ್ಲುಕೋಮಾಕ್ಕೆ ಕೊಡುವ ಟಿಮೊಲಾಲ್ ಎಂಬ ಡ್ರಾಪ್ಸ್ ಹೀಗೆ ಸೇರಿದರೆ ನಾಡಿ ನಿಧಾನವಾಗಬಹುದು. ತಾಯಿಯವರಿಗೆ ಅಸ್ತಮಾ ಇದ್ದರೆ ಟಿಮೊಲಾಲ್ ಬರೆಯುವ ಮೊದಲೇ ವೈದ್ಯರಿಗೆ ಅದು ಗೊತ್ತಿರಬೇಕು.

ಎರಡು ಔಷಧಗಳ ನಡುವೆ 5 ನಿಮಿಷ ಬಿಡಿ. ಬೆನ್ನಿಗೇ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಮುಲಾಮು ಇದ್ದರೆ ಕೊನೆಗೆ. ಬಾಟಲಿ ತೆರೆದ ದಿನವನ್ನು ಅದರ ಮೇಲೆಯೇ ಬರೆಸಿ, ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಎಸೆಯಬೇಕು. ಎಲ್ಲಕ್ಕಿಂತ ಮುಖ್ಯ, ಡ್ರಾಪ್ಸ್ ಹಾಕುವ ಕೆಲಸ ಒಬ್ಬರ ಹೆಸರಿನಲ್ಲಿರಲಿ, ಹಾಕಿದ ಮೇಲೆ ಚಾರ್ಟಿನಲ್ಲಿ ಸಹಿ ಮಾಡಲಿ. ‘ಯಾರಾದರೂ ಹಾಕುತ್ತಾರೆ’ ಅನ್ನುವಲ್ಲಿ ಗ್ಲುಕೋಮಾ ನೋವಿಲ್ಲದೆ ಕಣ್ಣು ತಿನ್ನುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ.

ಪ್ರಶ್ನೆ: ಆಶ್ರಮದಲ್ಲಿ ಚಸ್ಮಾಗಳು ಅದಲುಬದಲಾಗುತ್ತವೆ. ಏನು ಮಾಡಬೇಕು?
– ಓದುಗರು, ಧಾರವಾಡ

ಉತ್ತರ: ಕಡ್ಡಿಯ ಒಳಬದಿಗೆ ಅಳಿಸದ ಮಾರ್ಕರಿನಿಂದ ಹೆಸರು, ‘ದೂರ’ ಅಥವಾ ‘ಓದು’ ಎಂದು ಬರೆದು ಮೇಲೆ ಪಾರದರ್ಶಕ ಟೇಪ್ ಸುತ್ತಿ. ಓದುವ ಚಸ್ಮಾ ಹಾಕಿಕೊಂಡು ನಡೆದರೆ ನೆಲ ಮಸುಕಾಗಿ ಬೀಳುತ್ತಾರೆ. ಸೀರೆ ಸೆರಗಿನಿಂದ ಒಣಗಾಜು ಒರೆಸಿದರೆ ಧೂಳು ಗೀರು ಹಾಕುತ್ತದೆ. ಒಂದು ಹನಿ ಸೋಪುನೀರಲ್ಲಿ ತೊಳೆದು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ತಂದೆಗೆ 82. ಪೊರೆ ಬಂದಿದೆ. ‘ಈ ವಯಸ್ಸಿನ್ಯಾಗ ಯಾಕ್ರಿ ಆಪರೇಷನ್, ಹಣ್ಣಾಗ್ಲಿ ತಡೀರಿ’ ಅನ್ನುತ್ತಾರೆ.
– ಓದುಗರು, ಹುಬ್ಬಳ್ಳಿ

ಉತ್ತರ: ಪೊರೆ ಹಣ್ಣಾಗುವ ತನಕ ಕಾಯುವುದು ಹಳೆಯ ಕಾಲದ ಮಾತು. ಅತಿಯಾಗಿ ಬಲಿತ ಪೊರೆ ತೆಗೆಯಲು ಕಷ್ಟ, ಅದರಿಂದಲೇ ಕಣ್ಣಿನ ಒತ್ತಡ ಏರಿ ನರ ಹಾಳಾಗಬಹುದು. ಕಣ್ಣಿನ ಭಾಗಕ್ಕಷ್ಟೇ ಮರಗಟ್ಟುವ ಔಷಧ ಕೊಡುತ್ತಾರೆ. ಅರ್ಧ ಗಂಟೆ ಅಂಗಾತ ಅಲುಗಾಡದೆ ಮಲಗಬಲ್ಲವರಿಗೆ ವಯಸ್ಸೊಂದೇ ಅಡ್ಡಿಯಲ್ಲ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯಿಂದ ಶುರು ಮಾಡಬಹುದು, ನಿಮಗೆ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಮೊದಲು ಕಿಮ್ಸ್ ಎಂಬ ಹೆಸರಿತ್ತು) ಹತ್ತಿರವೇ ಇದೆ.

ಹೋಗುವಾಗ ಮಾತ್ರೆಗಳ ಪಟ್ಟಿ ಒಯ್ಯಿರಿ. ಗಂಡಸರು ಮೂತ್ರದ ತೊಂದರೆಗೆ ತೆಗೆದುಕೊಳ್ಳುವ ಟಾಮ್ಸುಲೋಸಿನ್ ಇದ್ದರೆ ತಪ್ಪದೆ ಹೇಳಿ. ಅದರಿಂದ ಶಸ್ತ್ರಚಿಕಿತ್ಸೆಯ ನಡುವೆ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲಾಗಬಹುದು, ಮೊದಲೇ ಗೊತ್ತಿದ್ದರೆ ವೈದ್ಯರು ಸಿದ್ಧವಾಗಿರುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕಣ್ಣಿನ ಒಳಮೂಲೆ ಒತ್ತಿದರೆ ಕೀವು ಬಂದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ಆಮೇಲಿನ ಡ್ರಾಪ್ಸನ್ನು ಕಡಿಮೆ ಮಾಡುತ್ತ ಸಾಮಾನ್ಯವಾಗಿ 4ರಿಂದ 6 ವಾರ ಹಾಕಬೇಕು. ಆಶ್ರಮದಲ್ಲಿ ಎಡವುವುದು ಇಲ್ಲೇ, ಕಣ್ಣು ಕಾಣತೊಡಗಿದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಮೊದಲ ವಾರಗಳಲ್ಲಿ ನೋವು, ಕೆಂಪು ಹೆಚ್ಚಾಗಿ ದೃಷ್ಟಿ ಇಳಿದರೆ ಸೋಂಕು ಇರಬಹುದು. ಬೆಳಗಾಗಲಿ ಅನ್ನದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕಣ್ಣು ಕೆಂಪಾದರೆ ನಂದಿಬಟ್ಟಲ ಹೂವಿನ ರಸ, ಜೇನು ಹಾಕುತ್ತೇವೆ. ತಪ್ಪೇ?
– ಓದುಗರು, ಶಿಗ್ಗಾಂವಿ

ಉತ್ತರ: ತಪ್ಪು. ಅವು ಶುದ್ಧವಾಗಿರುವುದಿಲ್ಲ, ಕರಿಗುಡ್ಡೆಯ ಮೇಲೆ ಗಾಯವಿದ್ದರೆ ಸೋಂಕು ಹತ್ತಿ ಹುಣ್ಣಾಗುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಡ್ರಾಪ್ಸ್ ಅದಕ್ಕಿಂತಲೂ ಅಪಾಯ. ಕೆಂಪು ಬೇಗ ಹೋಗುತ್ತದೆ, ಒಳಗೆ ಒತ್ತಡ ಏರುತ್ತದೆ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ ಇರಲಿ. ಕೆಂಪಿನ ಜೊತೆ ತಲೆನೋವು, ವಾಂತಿ ಇದ್ದರೆ ಪಿತ್ತವೆಂದು ಮಾತ್ರೆ ಕೊಟ್ಟು ಮಲಗಿಸಬೇಡಿ. ಕಣ್ಣಿನ ಒತ್ತಡ ಒಮ್ಮೆಗೇ ಏರಿದಾಗಲೂ ಹಾಗೇ ಆಗುತ್ತದೆ, ಅವತ್ತೇ ಕಣ್ಣಿನ ವೈದ್ಯರು ನೋಡಬೇಕು.