ನಲ್ಲಿಯಲ್ಲಿ ನೀರಿದೆ, ವಾಷಿಂಗ್ ಮಷೀನಿಗೆ ಬರುತ್ತಿಲ್ಲ

ಪ್ರಶ್ನೆ: ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮಷೀನಿಗೆ ಒಂದು ವಾರದಿಂದ ನೀರು ತುಂಬುತ್ತಿಲ್ಲ. ಗುಂಡಿ ಒತ್ತಿದ ಮೇಲೆ ಹಿಂಬದಿಯಿಂದ ‘ಗುಂಯ್’ ಎಂಬ ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ದೋಷಸಂಕೇತ ಕಾಣಿಸಿ ಮಷೀನ್ ನಿಂತುಬಿಡುತ್ತದೆ. ನಲ್ಲಿಯಲ್ಲಿ ಮಾತ್ರ ನೀರು ಧಾರಾಳವಾಗಿದೆ. ಟ್ಯಾಂಕ್ ತೊಳೆಸಿದ ಮರುದಿನದಿಂದ ಹೀಗಾಗುತ್ತಿದೆ. ರಿಪೇರಿಯವರು ಸರ್ಕ್ಯೂಟ್ ಬೋರ್ಡ್ ಹೋಗಿದೆ ಎನ್ನುತ್ತಾರೆ. ಬದಲಿಸಲೇಬೇಕೇ?

ಉತ್ತರ: ದಯವಿಟ್ಟು ಈಗಲೇ ಬದಲಿಸಬೇಡಿ. ಆ ‘ಗುಂಯ್’ ಸದ್ದು ಒಳಹರಿವಿನ ವಾಲ್ವ್‌ನ (ಮಷೀನಿಗೆ ನೀರು ಬಿಡುವ ಕವಾಟದ) ಕಾಯಿಲ್‌ಗೆ, ಅಂದರೆ ತಂತಿಯ ಸುರುಳಿಗೆ, ವಿದ್ಯುತ್ ಹರಿದಾಗ ಬರುವಂಥದ್ದು. ಆ ವಿದ್ಯುತ್ತನ್ನು ಕಳಿಸುವುದು ಬೋರ್ಡೇ ಆದ್ದರಿಂದ, ಸದ್ದು ಕೇಳಿಸುತ್ತಿರುವಾಗ ಮೊದಲು ಬೋರ್ಡನ್ನು ಅನುಮಾನಿಸುವುದು ಸರಿಯಲ್ಲ. ದೋಷಸಂಕೇತವೂ (ಎಲ್‌ಜಿಯಲ್ಲಿ ‘ಐಇ’, ಸ್ಯಾಮ್‌ಸಂಗ್‌ನಲ್ಲಿ ‘4ಇ’ ಅಥವಾ ‘4ಸಿ’) ನಿಗದಿತ ಸಮಯದೊಳಗೆ ನೀರು ಬೇಕಾದ ಮಟ್ಟಕ್ಕೆ ಬರಲಿಲ್ಲವೆಂದು ಹೇಳುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ.

ಟ್ಯಾಂಕ್ ತೊಳೆಸಿದ ಸಂಗತಿಯನ್ನು ನೀವು ಬರೆದದ್ದು ಒಳ್ಳೆಯದಾಯಿತು. ತಳದಿಂದ ಎದ್ದ ಮರಳು, ತುಕ್ಕು, ಪಾಚಿಯ ಚೂರುಗಳು ಪೈಪಿನಲ್ಲಿ ಇಳಿದು ಬಂದು, ಮಷೀನಿನ ಹಿಂದೆ ಪೈಪು ಕೂಡುವ ಜಾಗದಲ್ಲಿರುವ ಸಣ್ಣ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಪ್ಲಗ್ ಕಳಚಿ, ನಲ್ಲಿ ನಿಲ್ಲಿಸಿ, ಕೆಳಗೊಂದು ಬಕೆಟ್ ಇಟ್ಟು ಪೈಪನ್ನು ಬಿಚ್ಚಿ. ಬೆರಳಿನ ತುದಿಯಷ್ಟೇ ಅಗಲದ, ಟೋಪಿಯಾಕಾರದ ಜಾಲರಿ ಕಾಣುತ್ತದೆ. ಅದರ ನಡುವಿನ ಚಿಕ್ಕ ಹಿಡಿಯನ್ನು ಇಕ್ಕಳದಿಂದ ಹಿಡಿದು ನಿಧಾನವಾಗಿ ನೇರಕ್ಕೆ ಎಳೆಯಿರಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬಿಳಿಯ ಸುಣ್ಣ ಕಟ್ಟಿದ್ದರೆ ಸ್ವಲ್ಪ ಹೊತ್ತು ವಿನೆಗರ್‌ನಲ್ಲಿ ನೆನೆಹಾಕಿ. ಕೆಲವು ಪೈಪುಗಳಲ್ಲಿ ನಲ್ಲಿಯ ಕಡೆಯ ತುದಿಯಲ್ಲೂ ಇಂಥದೇ ಜಾಲರಿ ಇರುತ್ತದೆ, ಅದನ್ನೂ ನೋಡಿ. ಜಾಲರಿಯನ್ನು ಎಸೆದು ಹಾಗೆಯೇ ನಡೆಸುವ ಉಪಾಯವನ್ನು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ: ಮರಳಿನ ಕಣವೊಂದು ವಾಲ್ವ್‌ನ ರಬ್ಬರ್ ಪೊರೆಯ ಕೆಳಗೆ ಕೂತರೆ ವಾಲ್ವ್ ಮುಚ್ಚಿಕೊಳ್ಳದೆ, ಮಷೀನ್ ಆರಿಸಿದ್ದರೂ ನೀರು ಒಳಗೆ ಸೇರುತ್ತಲೇ ಇರುತ್ತದೆ.

ಪೈಪು ಮತ್ತೆ ಜೋಡಿಸುವ ಮೊದಲು, ಅದರ ಬಿಡಿ ತುದಿಯನ್ನು ಬಕೆಟ್ಟಿಗೆ ಹಿಡಿದು ನಲ್ಲಿಯನ್ನು ಪೂರ್ತಿ ತೆರೆಯಿರಿ. ನೀರು ರಭಸವಾಗಿ ಚಿಮ್ಮಬೇಕು. ಧಾರಾಳವಾಗಿ ಬರುವುದೇ ಬೇರೆ, ಒತ್ತಡದಿಂದ ಬರುವುದೇ ಬೇರೆ. ಈ ವಾಲ್ವ್‌ನಲ್ಲಿ ಕಾಯಿಲ್ ತೆರೆಯುವುದು ಒಂದು ಸೂಕ್ಷ್ಮ ರಂಧ್ರವನ್ನು ಮಾತ್ರ. ಆಮೇಲೆ ರಬ್ಬರ್ ಪೊರೆಯನ್ನು ಎತ್ತಿ ದಾರಿ ಬಿಡಿಸಿಕೊಳ್ಳುವುದು ನೀರಿನ ಸ್ವಂತ ಒತ್ತಡವೇ. ಹಲವು ಮಷೀನುಗಳು ಕನಿಷ್ಠ 0.5 ಬಾರ್ ಒತ್ತಡ ಕೇಳುತ್ತವೆ, ಅಂದರೆ ಟ್ಯಾಂಕಿನ ನೀರು ಮಷೀನಿಗಿಂತ ಸುಮಾರು 5 ಮೀಟರ್ ಎತ್ತರದಲ್ಲಿರಬೇಕು. ಟ್ಯಾಂಕ್ ನೆತ್ತಿಯ ಮೇಲೆಯೇ ಇರುವ ಮೇಲಂತಸ್ತಿನ ಮನೆಗಳಲ್ಲಿ ಇದು ಸಾಲದೆ ಹೋಗುವುದುಂಟು. ನಿಮಗೆ ಮೊದಲು ಸರಿಯಾಗಿಯೇ ತುಂಬುತ್ತಿದ್ದುದರಿಂದ ಈ ಕಾರಣದ ಸಾಧ್ಯತೆ ಕಡಿಮೆ. ಆದರೆ ಟ್ಯಾಂಕ್ ತೊಳೆದವರು ಟ್ಯಾಂಕಿನಿಂದ ಇಳಿಯುವ ಪೈಪಿನ ಗೇಟ್ ವಾಲ್ವನ್ನು ಅರ್ಧವೇ ತೆರೆದು ಹೋಗಿರಬಹುದು.

ನೀರು ಒಳಗೆ ಹೋಗುವ ಸದ್ದು ಕೇಳಿಸಿಯೂ ಡ್ರಮ್ ತುಂಬದಿದ್ದರೆ, ಕೊಳೆನೀರಿನ ಪೈಪು ನೆಲದ ಮೇಲೆ ಬಿದ್ದಿದೆಯೇ ನೋಡಿ. ಹಾಗಿದ್ದಲ್ಲಿ ಬಂದ ನೀರು ಬಂದ ಹಾಗೆಯೇ ಹೊರಗೆ ಹರಿದುಹೋಗುತ್ತದೆ. ಅದನ್ನು ಮಷೀನಿನ ಕೈಪಿಡಿಯಲ್ಲಿ ಹೇಳಿದ ಎತ್ತರಕ್ಕೆ ಸಿಕ್ಕಿಸಬೇಕು.

ಇಷ್ಟೆಲ್ಲ ಸರಿಯಿದ್ದು, ಸದ್ದು ಬಂದರೂ ನೀರು ಬಾರದಿದ್ದರೆ ವಾಲ್ವ್ ಕೆಟ್ಟಿರುವ ಸಂಭವ ಹೆಚ್ಚು, ಅದೊಂದನ್ನೇ ಬದಲಿಸಿದರೆ ಸಾಕಾಗಬಹುದು. ಸದ್ದೇ ನಿಂತುಹೋದಾಗ ಮಾತ್ರ ಬಾಗಿಲ ಲಾಕ್, ಕಾಯಿಲ್, ವೈರಿಂಗ್, ಕೊನೆಗೆ ಬೋರ್ಡ್, ಈ ಕ್ರಮದಲ್ಲಿ ಪರೀಕ್ಷೆಯಾಗಬೇಕು. ಆಗಲೂ ತುಂಬುವ ಹೊತ್ತಿನಲ್ಲಿ ವಾಲ್ವ್‌ಗೆ ವಿದ್ಯುತ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಲ್ಲಿ ಅಳೆದು ತೋರಿಸುವಂತೆ ರಿಪೇರಿಯವರನ್ನು ಕೇಳಿ, ಆನಂತರವೇ ಬೋರ್ಡಿಗೆ ಒಪ್ಪಿಗೆ ಕೊಡಿ.